ಅಲ್ಯೂಮಿನಿಯಂಗೆ ಹಿಡಿಯೋದು ತುಕ್ಕೋ, ಕಿಲುಬೋ?

ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ನಾಲ್ಕು ದಿನದಿಂದ ಒಂದು ಪದಕ್ಕೆ ಜಗಳ ನಡೀತಿದೆ. ಬಲ್ಲವರು ಬಗೆಹರಿಸಬೇಕು.

ಮಾವ ಗುಜರಿಯಿಂದ 12 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ ತಂದಿದ್ದಾರೆ. ಹಿತ್ತಲಲ್ಲಿ ಬೋರಲು ಹಾಕಿ ಬಣ್ಣ ಕೆರೆಯುತ್ತಿದ್ದೇವೆ. ಬಣ್ಣ ಉಬ್ಬಿದ ಕಡೆಯೆಲ್ಲ ಅಡಿಯಲ್ಲಿ ಬಿಳೀ ಪುಡಿ. ಮುಟ್ಟಿದರೆ ಸೀಮೆಸುಣ್ಣದ ಹಾಗೆ ಬೆರಳಿಗೆ ಹತ್ತುತ್ತೆ. ಒರೆಸಿದರೆ ಸಾಸಿವೆ ಕಾಳಿನಷ್ಟು ಗುಳಿಗಳು. ಮಾವ ಇದಕ್ಕೆ "ತುಕ್ಕು" ಅಂತಾರೆ. ಅಜ್ಜಿ ಒಪ್ಪಲ್ಲ: "ಕಬ್ಬಿಣ ಅಲ್ಲದ ಮೇಲೆ ಅದ್ಯಾವ ತುಕ್ಕೋ! ಕಿಲುಬು ಅನ್ನು." ರಿವಿಟ್ ಹೊಡೆಯೋಕೆ ಬಂದ ಹುಡುಗ ಎರಡೂ ಬಿಟ್ಟು "ಪೌಡರ್ ಬಿಟ್ಟಿದೆ ಸಾರ್" ಅಂದ.

ನನ್ನ ಓಟು ಅಜ್ಜಿಗೆ, ಆದರೆ ಪೂರ್ತಿ ಅಲ್ಲ. ತುಕ್ಕು ಅಂದ ಕೂಡಲೇ ಕಣ್ಣಿಗೆ ಬರೋದು ಕೆಂಪು. ಅದು ಹಕ್ಕಳೆಯಾಗಿ ಉದುರುತ್ತಾ ಒಳಗಿನ ಕಬ್ಬಿಣವನ್ನೂ ತಿನ್ನುತ್ತೆ. ಕಿಲುಬು ತಾಮ್ರ, ಹಿತ್ತಾಳೆಯ ಮಾತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ಗೊತ್ತಾಗುತ್ತೆ, ಅಲ್ವಾ? ಹಸಿರು, ಜೊತೆಗೆ ವಿಷ ಅನ್ನೋ ಭಯ. ತೆಲುಗಿನವರ 'ಚಿಲುಮು' ಇದೇ ಪದ ಇರಬೇಕು, ನಮ್ಮ ಕಿವಿ ಅವರಲ್ಲಿ 'ಚೆವಿ' ಆದ ಹಾಗೆ. ಬಿಳೀ ಪುಡಿಗೆ ಕಿಲುಬು ಅಂದರೆ ಅರ್ಥ ಸ್ವಲ್ಪ ಹಿಗ್ಗಬೇಕು, ಅಷ್ಟೆ. ಪಠ್ಯಪುಸ್ತಕದ 'ಸಂಕ್ಷಾರಣ' ಇದೆ. ಆದರೆ ಹಿತ್ತಲಲ್ಲಿ ನಿಂತು ಆ ಮಾತು ಆಡೋಕೆ ನಾಲಿಗೆ ಹೊರಳಲ್ಲ.

ಇನ್ನೊಂದು ತೊಡಕಿದೆ. ಅಲ್ಯೂಮಿನಿಯಂ ಕೆರೆದ ಕೂಡಲೇ ಗಾಳಿ ತಾಗಿ ಅದರ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಕೂರುತ್ತೆ. ರಾಸಾಯನಿಕವಾಗಿ ಅದೂ ಆಕ್ಸೈಡೇ. ಆದರೆ ಅದು ಲೋಹವನ್ನು ತಿನ್ನಲ್ಲ, ಕಾಯುತ್ತೆ. ಅದನ್ನೂ ಕಿಲುಬು ಅಂದರೆ ಅನ್ಯಾಯ. 'ಪೊರೆ' ಅನ್ನಬಹುದಾ? ಹಾವಿನ ಪೊರೆ, ಕಣ್ಣಿನ ಪೊರೆ ಇದ್ದೇ ಇದೆ. ಕಾಪಾಡು ಅನ್ನೋದಕ್ಕೂ ನಮ್ಮಲ್ಲಿ 'ಪೊರೆ' ಅಂತಾರೆ. ಈ ಪದ ನನಗೆ ಬಹಳ ಹಿಡಿಸಿದೆ.

ಗುಳಿ ಬಿದ್ದಿರೋದು ಜಾಸ್ತಿ ಸ್ಕ್ರೂಗಳ ಸುತ್ತ. ಹಿಂದೆ ರಿಪೇರಿ ಮಾಡಿದ ಪುಣ್ಯಾತ್ಮ ಯಾರೋ ಹಿತ್ತಾಳೆ ಸ್ಕ್ರೂ ಬಿಗಿದಿದ್ದಾನೆ. ಎರಡು ಲೋಹ ತಾಗಿಕೊಂಡು ನೀರಲ್ಲಿ ನೆಂದರೆ ಬ್ಯಾಟರಿ ಇದ್ದ ಹಾಗೆ, ಸವೆಯೋದು ಅಲ್ಯೂಮಿನಿಯಂ. ಅಜ್ಜಿಗೆ ಇದನ್ನ ಹೇಳಿದ್ದೇ ತಪ್ಪಾಯಿತು. "ನೋಡಿದ್ಯಾ, ಹಿತ್ತಾಳೆ ಸೇರಿದ ಮೇಲೆ ಕಿಲುಬೇ!" ಅಂತ ಗೆದ್ದುಬಿಟ್ಟರು.

ನಮ್ಮ ಕಾವೇರಿಯ ಹರಿಗೋಲಿಗೆ ಈ ಗೋಜಿಲ್ಲ. ಬಿದಿರು ಕೊಳೆಯುತ್ತೆ, ಡಾಂಬರು ಬಿರಿಯುತ್ತೆ. ಮಾತು ಮೊದಲೇ ಇದೆ.

ನಿಮ್ಮ ಕಡೆ ಹಳೇ ಅಲ್ಯೂಮಿನಿಯಂ ಕಿಟಕಿ, ಡಬರಿ ಮೇಲೆ ಕೂರೋ ಬಿಳೀ ಪುಡಿಗೆ ಏನಂತೀರಿ? ಅದು ಹಿಡಿಯುತ್ತಾ, ಕಟ್ಟುತ್ತಾ, ಏಳುತ್ತಾ? ಕ್ರಿಯಾಪದವನ್ನೂ ಸೇರಿಸಿ ಬರೆಯಿರಿ.