ಊರಿನಲ್ಲಿ ಒಬ್ಬರೇ ಇರುವ ಅಮ್ಮನ ಮನೆಗೆ ಯಾವ ಸೆನ್ಸರ್ ಹಾಕಿಸಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. 76 ವರ್ಷದ ಅಮ್ಮ ಉಡುಪಿ ಸಮೀಪದ ಹಳೆಯ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಗ್ಯಾಸ್ ಸೋರಿದರೆ, ಅವರು ಜಾರಿ ಬಿದ್ದರೆ ನನ್ನ ಫೋನಿಗೆ ಸೂಚನೆ ಬರಬೇಕೆಂಬುದು ನನ್ನ ಆಸೆ. ಇಂಥ ವ್ಯವಸ್ಥೆ ಮಾಡಿಸಿಕೊಂಡವರು ದಯವಿಟ್ಟು ಅನುಭವ ತಿಳಿಸಿ.

ಬ್ರಹ್ಮಾವರದಿಂದ: ನಮ್ಮ ಅಮ್ಮನೂ ಒಬ್ಬರೇ ಇರುವುದರಿಂದ ಮೂರು ವರ್ಷಗಳ ಹಿಂದೆ ಇದನ್ನೆಲ್ಲ ಮಾಡಿಸಿದೆ. ಮೊದಲ ತಪ್ಪು ಆದದ್ದು ಗ್ಯಾಸ್ ಸೆನ್ಸರ್ ವಿಷಯದಲ್ಲಿ. ಅಳವಡಿಸಲು ಬಂದವರು ಅದನ್ನು ಒಲೆಯ ಮೇಲ್ಗಡೆ, ಮಾಡಿನ ಹತ್ತಿರ ಕೂರಿಸಿ ಹೋದರು. ಒಂದು ದಿನ ರೆಗ್ಯುಲೇಟರ್ ಬಳಿ ಸಡಿಲವಾಗಿ ವಾಸನೆ ಅಮ್ಮನ ಮೂಗಿಗೆ ಬಡಿದರೂ ಸೆನ್ಸರ್ ಸುಮ್ಮನಿತ್ತು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಡಿಕೊಳ್ಳುತ್ತದೆ. ಈಗ ಅದನ್ನು ಸಿಲಿಂಡರಿನ ಪಕ್ಕದ ಗೋಡೆಯಲ್ಲಿ, ನೆಲ ತೊಳೆದ ನೀರು ತಾಗದಂತೆ, ಒಂದು ಅಡಿ ಎತ್ತರದಲ್ಲಿ ಇಡಿಸಿದ್ದೇನೆ. ಸೆನ್ಸರ್ ಕೂಗಿದ ಕೂಡಲೇ ಎಕ್ಸಾಸ್ಟ್ ಫ್ಯಾನ್ ತಾನಾಗಿ ತಿರುಗುವಂತೆ ಜೋಡಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅನಿಲ ತುಂಬಿದ ಕೋಣೆಯಲ್ಲಿ ಯಾವ ಸ್ವಿಚ್ಚಿನ ಕಿಡಿಯೂ ಸಾಕು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕೆಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇವೆ.

ಹೊಗೆ ಸೆನ್ಸರನ್ನು ಅಡುಗೆಮನೆಯಲ್ಲಿ ಹಾಕಬೇಡಿ. ಬಂಗುಡೆ ಕಾಯಿಸಿದಾಗ, ಒಗ್ಗರಣೆಗೆ ಮೆಣಸು ಬಿದ್ದಾಗಲೆಲ್ಲ ಅದು ಕೂಗಿ, ಬೇಸತ್ತ ಅಮ್ಮ ಅದಕ್ಕೊಂದು ಪ್ಲಾಸ್ಟಿಕ್ ತೊಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ನಾನು ಊರಿಗೆ ಹೋದಾಗಲೇ ಅದು ತಿಳಿದದ್ದು. ಅಡುಗೆಮನೆಗೆ ಶಾಖ ಗುರುತಿಸುವ ಸೆನ್ಸರ್, ಚಾವಡಿಗೆ ಹೊಗೆಯದ್ದು, ಹೀಗೆ ಬದಲಿಸಿದ ಮೇಲೆ ತೊಂದರೆಯಾಗಿಲ್ಲ.

ಬೀಳುವುದನ್ನು ಗುರುತಿಸುವ ಕೈಗಡಿಯಾರವನ್ನೂ ಕೊಡಿಸಿದ್ದೆ. ಆದರೆ ಬೀಳುವ ಭಯ ಹೆಚ್ಚಿರುವುದು ಬಚ್ಚಲಿನಲ್ಲಿ, ಮತ್ತು ಅಮ್ಮ ಗಡಿಯಾರ ಬಿಚ್ಚಿಡುವುದೂ ಸ್ನಾನಕ್ಕೆ ಹೋಗುವಾಗಲೇ. ಆದ್ದರಿಂದ ಬಚ್ಚಲಿನ ಬಾಗಿಲಿಗೆ ಒಂದು ಚಿಕ್ಕ ಸೆನ್ಸರ್ ಹಾಕಿಸಿ, ಒಳಗೆ ಹೋದವರು 40 ನಿಮಿಷವಾದರೂ ಬಾಗಿಲು ತೆರೆಯದಿದ್ದರೆ ಸೂಚನೆ ಬರುವಂತೆ ಮಾಡಿದೆ. ಬೆಳಿಗ್ಗೆ 7 ಗಂಟೆಯೊಳಗೆ ಅಡುಗೆಮನೆಯಲ್ಲಿ ಓಡಾಟ ಕಾಣದಿದ್ದರೂ ಸೂಚನೆ ಬರುತ್ತದೆ. ಕ್ಯಾಮೆರಾ ಬೇಡವೆಂದು ಅಮ್ಮ ಹೇಳಿದರು, ಅವರ ಮಾತು ಸರಿ ಎಂದು ನನಗೂ ಅನಿಸಿತು.

ನಮ್ಮ ಕಡೆಯ ನಿಜವಾದ ಕಷ್ಟ ಸಿಡಿಲು ಮತ್ತು ಕರೆಂಟಿನದು. ಗುಡುಗು ಶುರುವಾದರೆ ರೂಟರಿನ ಪ್ಲಗ್ ಕಿತ್ತಿಡುವುದು ಇಲ್ಲಿಯವರಿಗೆ ರೂಢಿ, ಅದು ಬೇಕಾದ ಎಚ್ಚರಿಕೆಯೂ ಹೌದು. ಆದರೆ ಆ ಹೊತ್ತಿನಲ್ಲಿ ಬೆಂಗಳೂರಿನ ಫೋನಿಗೆ ಏನೂ ತಲುಪುವುದಿಲ್ಲ. ಹಾಗಾಗಿ ಇಂಟರ್ನೆಟ್ ಇಲ್ಲದಿದ್ದರೂ ಬ್ಯಾಟರಿಯಿಂದ ತಾನೇ ಗಟ್ಟಿಯಾಗಿ ಕೂಗುವ ಸಾಧನವನ್ನೇ ಆರಿಸಿ, ಸಂಪರ್ಕ ಕಡಿದರೆ ಆ ವಿಷಯವೂ ನಿಮಗೆ ತಿಳಿಯುವಂತೆ ಮಾಡಿಸಿಕೊಳ್ಳಿ. ಸೂಚನೆ ಮೊದಲು ಹೋಗಬೇಕಾದದ್ದು ನಿಮಗಲ್ಲ, ಕೂಗಿದರೆ ಕೇಳುವಷ್ಟು ಹತ್ತಿರ ಇರುವವರಿಗೆ. ನಮ್ಮಲ್ಲಿ ಪಕ್ಕದ ಮನೆಯ ಅಕ್ಕನ ಬಳಿ ಹಿಂಬಾಗಿಲಿನ ಬೀಗದ ಕೈ ಇದೆ. ಎರಡನೆಯ ಹೆಸರು ಎದುರು ಮನೆಯವರದು, ನನ್ನದು ಮೂರನೆಯದು.

ಮಂಗಳೂರಿನ ಬಿಜೈಯಿಂದ: ಮೇಲಿನವರು ಹೇಳಿದ ಒಂದು ಅಡಿ ಎತ್ತರ ಸಿಲಿಂಡರಿಗೆ ಸರಿ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್ ಇರುವುದರಿಂದ ಅದು ಗಾಳಿಗಿಂತ ಹಗುರ; ಅಂಥ ಮನೆಯಲ್ಲಿ ಸೆನ್ಸರ್ ಕೋಣೆಯೊಳಗೆ ಚಾವಣಿಯ ಹತ್ತಿರವೇ ಇರಬೇಕು. ಗ್ಯಾಸ್ ಗೀಸರ್ ಇದ್ದರೆ ಕಾರ್ಬನ್ ಮಾನಾಕ್ಸೈಡಿಗೆ ಬೇರೆಯೇ ಸೆನ್ಸರ್ ಬೇಕು, ಏಕೆಂದರೆ ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿಸುವುದೇ ಅದಕ್ಕಿಂತ ಮೊದಲು ಆಗಬೇಕಾದ ಕೆಲಸ. ಸಾಧನದ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ನಾವು ಪ್ರತಿ ತಿಂಗಳ ಮೊದಲ ಭಾನುವಾರ ಪರೀಕ್ಷೆಯ ಗುಂಡಿಯನ್ನು ಅಪ್ಪನ ಕೈಯಿಂದಲೇ ಒತ್ತಿಸುತ್ತೇವೆ. ಕೆಳಗಿನ ಮಹಡಿಯವರು ಫೋನ್ ಮಾಡಿ ಕೇಳಿಸಿತೆಂದು ಹೇಳಿದ ಮೇಲೆಯೇ ಅಪ್ಪ ಕಾಫಿಗೆ ಕುಳಿತುಕೊಳ್ಳುವುದು.