ಸಿಂಗಾಪುರದಾಗ ಅಪ್ಪಗ ಆರ್ಟ್ ಗ್ಯಾಲರಿ ತೋರಸೂದು ಬೇಕೋ ಬ್ಯಾಡೋ?

ಗುಮ್ಮಟದ_ಬಾಜೂಕ (ವಿಜಯಪುರ): ದೀಪಾವಳಿ ಸೂಟಿಗೆ ಅಪ್ಪನ್ನ ಸಿಂಗಾಪುರಕ್ಕ ಕರಕೊಂಡು ಹೊಂಟೀನಿ. ಕೈಯಾಗ ಮೂರಽ ದಿನ. ಅಪ್ಪ ಸಾಲ್ಯಾಗ ಡ್ರಾಯಿಂಗ್ ಕಲಿಸಿದಾಂವ, ನ್ಯಾಷನಲ್ ಗ್ಯಾಲರಿ ನೋಡಬೇಕಂತ ಹಟ ಹಿಡದಾನ. ತಮ್ಮ ಯೂನಿವರ್ಸಲ್ ಸ್ಟುಡಿಯೋ ಅಂತಾನ. ಗ್ಯಾಲರಿಗೆ ಅರ್ಧ ದಿನ ಸಾಕೇನ್ರಿ? ಅಪ್ಪಗ ಮೊಣಕಾಲ ಬ್ಯಾನಿ ಬ್ಯಾರೆ.

ಕುಂದಾ_ಬಾಯಿ (ಬೆಳಗಾವಿ): ಇಡೀ ದಿನ ಇಡ್ರಿ. ಲಿಫ್ಟ್ ಅದಾವು, ಮೊಣಕಾಲಿನ ಚಿಂತಿ ಬಿಡ್ರಿ. ಹಳೇ ಸುಪ್ರೀಂ ಕೋರ್ಟು, ಬಾಜೂಕ ಸಿಟಿ ಹಾಲ್, ಎರಡೂ ಕೂಡಿಸಿ 2015ರಾಗ ಗ್ಯಾಲರಿ ಮಾಡ್ಯಾರ. 1945ರಾಗ ಜಪಾನದವರು ಶರಣಾಗತಿಗೆ ಸಹಿ ಹಾಕಿದ್ದು ಅದಽ ಸಿಟಿ ಹಾಲಿನಾಗ. ಕೈದಿಗಳನ್ನ ಕೂಡಿಹಾಕತಿದ್ದ ಖೋಲಿನೂ ಉಳಸ್ಯಾರ. ಅದರಾಗ ನಿಂತು ಫೋಟೋ ತಗಿಸಿಕೊಂಡು ಮನ್ಯಾಗ ಬೈಸಿಕೊಂಡೀನಿ.

ಜಾವಾದ ರಾಡೆನ್ ಸಾಲೇ 1849ರಾಗ ಬರದ ಕಾಡಗಿಚ್ಚಿನ ಚಿತ್ರ ಗ್ವಾಡಿ ತುಂಬ ಅದ. ಬೆಂಕಿಗೆ ಹೆದರಿದ ಹುಲಿ ಓಡಿ ಬಂದು ಪ್ರಪಾತದ ಅಂಚಿಗೆ ನಿಂತಾವು. ನಿಮ್ಮ ಅಪ್ಪ ಅಲ್ಲಿಂದ ಜಲ್ದಿ ಕದಲೂದಿಲ್ಲ.

ನನ್ನ ಕಾಲು ಕಟ್ಟಿದ್ದು ಮಾತ್ರ ಅದಕ್ಕಿಂತ ಸಣ್ಣ ಚಿತ್ರ. ಚುವಾ ಮಿಯಾ ಟೀ 1959ರಾಗ ಬರದ ‘ರಾಷ್ಟ್ರಭಾಷಾ ತರಗತಿ’. ದುಂಡ ಮೇಜಿನ ಸುತ್ತ ಕುಂತು ಹುಡುಗ್ರು ಹುಡಿಗ್ಯಾರು ಮಲಯ್ ಕಲೀತಾರ. ಬೋರ್ಡಿನ ಮ್ಯಾಲ ಎರಡಽ ಪ್ರಶ್ನೆ: ನಿನ್ನ ಹೆಸರೇನು? ಎಲ್ಲಿರ್ತಿ? ನಾ ಶಹಾಪುರದ ಮರಾಠಿ ಮನ್ಯಾಗ ಹುಟ್ಟಿದಾಕಿ. ಕನ್ನಡ ಸಾಲಿಗೆ ಹೋದ ಮೊದಲ್ನೇ ದಿನ ಅಕ್ಕೋರು ಕೇಳಿದ್ದೂ ಇವಽ ಎರಡು. ‘ಮಾಝಂ ನಾವ್’ ಅಂತ ಸುರು ಮಾಡಿ, ಮುಂದ ಬರಲಾರದ ಅಳ್ಕೋತ ಕುಂತಿದ್ದೆ. ಚಿತ್ರದಾಗ ಯಾರೂ ಅಳೂದಿಲ್ಲ ಬಿಡ್ರಿ. ಹೊರಗ ಬಂದ ಮ್ಯಾಲ ಇಂಗ್ಲಿಷ್, ಚೀನಿ, ಮಲಯ್, ತಮಿಳು ನಾಕೂ ಭಾಷಾ ಒಂದಽ ಬೋರ್ಡಿನ್ಯಾಗ ನೋಡಿದೆ. ಯಾರೂ ಮಸಿ ಬಳದಿರಲಿಲ್ಲ. ನಮ್ಮೂರಿನವರಿಗೆ ಇದು ಲಗೂ ಕಣ್ಣಿಗೆ ಬೀಳತೈತಿ.

ಘಟಪ್ರಭಾ_ದಂಡಿ (ಬಾಗಲಕೋಟ): ಊಟಕ್ಕ ಸೆರಂಗೂನ್ ರಸ್ತಾ, ಲಿಟ್ಲ್ ಇಂಡಿಯಾ. ದ್ವಾಸಿ, ಇಡ್ಲಿ ಬೇಕಾದಷ್ಟು, ಜ್ವಾಳದ ರೊಟ್ಟಿ ಆಸೆ ಬಿಡ್ರಿ. ಗುಟಕಾ ಅಲ್ಲಿ ಬಂದ್ ಅದ, ಅಪ್ಪಗ ಚಟಾ ಇದ್ರ ಮೊದಲಽ ಹೇಳಿ ಇಡ್ರಿ. ನಮ್ಮ ಕಾಕಾ ಕಿಸೆದಾಗ ಇಟಗೊಂಡು ಹೋಗಿ ವಿಮಾನದಾಗಽ ಬೆವತಿದ್ದ.

ಗುಮ್ಮಟದ_ಬಾಜೂಕ: ಗುಟಕಾ ಇಲ್ರಿ, ನಶ್ಯಾ ಅದ! ಅದನ್ನೂ ಇಲ್ಲೇ ಬಿಡಿಸ್ತೀನಿ. ಬಾಯಿಯವರು ಬರದಿದ್ದು ಅಪ್ಪಗ ಓದಿ ಹೇಳಿದೆ. ಹುಲಿ ಬಗ್ಗೆ ಏನೂ ಅನ್ನಲಿಲ್ಲ. ‘ಆ ಬೋರ್ಡಿನ ಮ್ಯಾಲ ಅಕ್ಷರ ದುಂಡಗ ಬರದಾರೇನು, ಕೇಳು’ ಅಂದ.