ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌ಡಿಗೆ ಸರ್ಕಾರಿ ಫೆಲೋಶಿಪ್: ಪಡೆದವರ ಅನುಭವ

ಪ್ರಶ್ನೆ

ನಾನು ಮಲೆನಾಡಿನ ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಪಿಎಚ್‌ಡಿ ಮಾಡಬೇಕೆಂಬ ಆಸೆಯಿದೆ, ಆದರೆ ಮನೆಯಿಂದ ಹಣ ತರಿಸಿಕೊಳ್ಳುವ ಪರಿಸ್ಥಿತಿ ಇಲ್ಲ. ಎಂ.ಟೆಕ್. ಓದುತ್ತಿರುವ ನನ್ನ ಅಣ್ಣನಿಗೂ ಸಂಶೋಧನೆಯತ್ತ ಒಲವಿದೆ. ನಾವಿಬ್ಬರೂ ಯಾವ ಸರ್ಕಾರಿ ಫೆಲೋಶಿಪ್‌ಗೆ ಪ್ರಯತ್ನಿಸಬೇಕು, ಅದರಿಂದ ಜೀವನ ಸಾಗುತ್ತದೆಯೇ, ಹಣ ಸಕಾಲಕ್ಕೆ ಬರುತ್ತದೆಯೇ ಎಂಬುದನ್ನು ಪಡೆದವರಿಂದಲೇ ತಿಳಿಯಬೇಕೆಂದಿದ್ದೇನೆ.

ಉತ್ತರ: ಸಿಎಸ್‌ಐಆರ್ ಜೆಆರ್‌ಎಫ್ ಪಡೆದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದವರಿಂದ

ನಿಮ್ಮ ವಿಷಯಕ್ಕೆ ಮೊದಲ ದಾರಿ ಸಿಎಸ್‌ಐಆರ್-ಯುಜಿಸಿ ನೆಟ್, ಅಂದರೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹಾಗೂ ವಿಶ್ವವಿದ್ಯಾಲಯ ಧನಸಹಾಯ ಆಯೋಗಗಳ (ಯುಜಿಸಿ) ಜಂಟಿ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದಾದ್ದರಿಂದ ಪದವಿ ಕೈಗೆ ಬರಲೆಂದು ಕಾಯಬೇಡಿ. ಮೊದಲೆರಡು ವರ್ಷದ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಮೊತ್ತ 2023ರ ಜನವರಿ 1ರಿಂದ ಅನ್ವಯವಾಗುವಂತೆ ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೂ, ಆಮೇಲಿನ ಹಿರಿಯ ಸಂಶೋಧನಾ ಫೆಲೋಶಿಪ್ (ಎಸ್‌ಆರ್‌ಎಫ್) ಮೊತ್ತ 35,000ದಿಂದ 42,000ಕ್ಕೂ ಏರಿದೆ. ಇದರ ಮೇಲೆ ಮನೆ ಬಾಡಿಗೆ ಭತ್ಯೆ ಉಂಟು. ಅದು ಊರನ್ನು ಅವಲಂಬಿಸಿದೆ: ಬೆಂಗಳೂರು ಅತಿ ಹೆಚ್ಚು ದರದ ಎಕ್ಸ್ ವರ್ಗದ ನಗರ, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ನಡುವಿನ ದರದ ವೈ ವರ್ಗದವು, ಉಳಿದ ಊರುಗಳಿಗೆ ಕನಿಷ್ಠ ದರ. ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ಕೊಠಡಿ ಪಡೆದರೆ ಈ ಭತ್ಯೆ ಸಿಗುವುದಿಲ್ಲ ಎಂಬುದನ್ನು ಲೆಕ್ಕ ಹಾಕುವಾಗಲೇ ನೆನಪಿಡಿ. ನನ್ನ ಅಭಿಪ್ರಾಯದಲ್ಲಿ ಒಬ್ಬರ ಬದುಕಿಗೆ ಈ ಮೊತ್ತ ಸಾಕು, ಸಣ್ಣ ಊರಿನಲ್ಲಿದ್ದರೆ ಮನೆಗೂ ಒಂದಿಷ್ಟು ಕಳುಹಿಸಬಹುದು; ಆದರೆ ಅದು ತಿಂಗಳ ಮೊದಲ ತಾರೀಖಿಗೆ ಬರುವ ಸಂಬಳ ಎಂದು ಮಾತ್ರ ಭಾವಿಸಬೇಡಿ.

ಪರೀಕ್ಷೆಯ ಬಗ್ಗೆ ಒಂದೆರಡು ಮಾತು. ಒಟ್ಟು 200 ಅಂಕ, ಮೂರು ಗಂಟೆ. ರಸಾಯನಶಾಸ್ತ್ರದ ಸಿ ಭಾಗದಲ್ಲಿ 60 ಪ್ರಶ್ನೆಗಳಿದ್ದು, ಅವುಗಳಲ್ಲಿ 25ಕ್ಕೆ ಮಾತ್ರ ಉತ್ತರಿಸಬೇಕು. ಒಂದೊಂದಕ್ಕೆ 4 ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಆದ್ದರಿಂದ ಎಲ್ಲ ಅಧ್ಯಾಯಗಳನ್ನೂ ಅರ್ಧಂಬರ್ಧ ಓದಿದವರಿಗಿಂತ ಅರ್ಧದಷ್ಟು ಪಠ್ಯವನ್ನು ಬೇರುಮಟ್ಟ ತಿಳಿದವರಿಗೆ ಇಲ್ಲಿ ಅನುಕೂಲ ಹೆಚ್ಚು. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಪರೀಕ್ಷೆಗಳು ದೀರ್ಘ ಉತ್ತರ ಬರೆಯುವುದನ್ನು ರೂಢಿಸುತ್ತವೆಯೇ ಹೊರತು ಕೆಲವೇ ನಿಮಿಷಗಳಲ್ಲಿ ಒಂದು ಕ್ರಿಯಾವಿಧಾನವನ್ನು ಕೊನೆಮುಟ್ಟಿಸುವುದನ್ನಲ್ಲ. ಆ ಅಭ್ಯಾಸವನ್ನು ಹಳೆಯ ಪ್ರಶ್ನೆಪತ್ರಿಕೆಗಳಿಂದ ನೀವೇ ಮಾಡಿಕೊಳ್ಳಬೇಕು. ಪರೀಕ್ಷೆಯ ದಿನಾಂಕವನ್ನು ನಂಬಿ ಬೇರೆಲ್ಲ ಯೋಜನೆಗಳನ್ನು ಹೆಣೆಯಬೇಡಿ. 2024ರ ಜೂನ್‌ನಲ್ಲಿ ನಡೆಯಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿ ಜುಲೈ ಕೊನೆಯಲ್ಲಿ ನಡೆದದ್ದನ್ನು ನೋಡಿದ್ದೇವೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಮೊತ್ತ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆ ಹಣ ಯಾವ ದಾರಿಯಿಂದ, ಯಾರ ಸಹಿಯ ಮೇಲೆ ನಿಮ್ಮ ಖಾತೆಗೆ ಬರುತ್ತದೆ ಎಂದು ಕೇಳುವವರು ಕಡಿಮೆ. ಪರೀಕ್ಷೆ ಒಂದೇ ಆದರೂ ಜೆಆರ್‌ಎಫ್ ಪಡೆದವರಲ್ಲಿ ಕೆಲವರಿಗೆ ಸಿಎಸ್‌ಐಆರ್, ಕೆಲವರಿಗೆ ಯುಜಿಸಿ ಹಣ ಕೊಡುತ್ತದೆ, ಮತ್ತು ಎರಡರ ಕ್ರಮವೂ ಬೇರೆ ಬೇರೆ. ಯುಜಿಸಿಯ ಫೆಲೋಗಳಿಗೆ ಹಣ ಬರುವುದು ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ. ಪ್ರತಿ ತಿಂಗಳೂ ವಿಶ್ವವಿದ್ಯಾಲಯದ ಸಿಬ್ಬಂದಿಯೊಬ್ಬರು ‘ಮೇಕರ್’ ಆಗಿ ನಿಮ್ಮ ಹೆಸರನ್ನು ನಮೂದಿಸಬೇಕು, ಮತ್ತೊಬ್ಬ ಅಧಿಕಾರಿ ‘ಚೆಕರ್’ ಆಗಿ ಅದನ್ನು ಅನುಮೋದಿಸಬೇಕು. ನನ್ನ ಗೆಳೆಯರಿದ್ದ ಕಡೆ ಆ ಲಾಗಿನ್ ಇದ್ದ ಅಧಿಕಾರಿ ವರ್ಗವಾಗಿ ಹೋದಾಗ ಹೊಸಬರಿಗೆ ಅಧಿಕಾರ ಸಿಗುವವರೆಗೂ ಇಡೀ ತಂಡದ ಹಣ ನಿಂತಿತ್ತು. ತಪ್ಪು ದೆಹಲಿಯದೋ ಬ್ಯಾಂಕಿನದೋ ಎಂದು ಎಲ್ಲೆಡೆಗೂ ಇ-ಮೇಲ್ ಬರೆದರು. ಅಡಚಣೆ ಇದ್ದದ್ದು ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಆದ್ದರಿಂದ ಸೇರಿದ ವಾರದಲ್ಲೇ ನಿಮ್ಮ ವಿಶ್ವವಿದ್ಯಾಲಯದಲ್ಲಿ ಫೆಲೋಶಿಪ್ ಕಡತ ನೋಡಿಕೊಳ್ಳುವವರು ಯಾರೆಂದು ಹುಡುಕಿ, ಮುಖಾಮುಖಿ ಪರಿಚಯ ಮಾಡಿಕೊಳ್ಳಿ. ಅವರೂ ಹತ್ತಾರು ಕೆಲಸಗಳ ನಡುವೆ ಇದನ್ನು ಮಾಡುತ್ತಿರುತ್ತಾರೆ. ನಿಮ್ಮ ಕಾಗದಗಳು ಅಚ್ಚುಕಟ್ಟಾಗಿದ್ದರೆ ಅವರಿಗೂ ಅನುಕೂಲ.

ಸಿಎಸ್‌ಐಆರ್‌ನಲ್ಲಿ ಕೆಲಸಕ್ಕೆ ಸೇರಿದ ವರದಿ, ಹಾಜರಾತಿ, ವಾರ್ಷಿಕ ಪ್ರಗತಿ ವರದಿ ಎಲ್ಲವೂ ಮಾರ್ಗದರ್ಶಕರ ಮತ್ತು ವಿಭಾಗದ ಮುಖ್ಯಸ್ಥರ ಸಹಿ ದಾಟಿಯೇ ಹೋಗುತ್ತವೆ. ಎರಡು ವರ್ಷದೊಳಗೆ ಪಿಎಚ್‌ಡಿ ನೋಂದಣಿ ಆಗಿರಬೇಕು. ಎರಡು ವರ್ಷ ಮುಗಿದಾಗ ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು ಮತ್ತು ಹೊರಗಿನ ಒಬ್ಬ ತಜ್ಞರು ಇರುವ ಸಮಿತಿ ನಿಮ್ಮ ಕೆಲಸವನ್ನು ನೋಡಿ ಎಸ್‌ಆರ್‌ಎಫ್‌ಗೆ ಶಿಫಾರಸು ಮಾಡುತ್ತದೆ. ಆ ಹೊರಗಿನ ತಜ್ಞರ ದಿನಾಂಕ ಸಿಗುವುದೇ ಕಷ್ಟ, ಆದಕಾರಣ ಎರಡು ತಿಂಗಳು ಮೊದಲೇ ಮಾರ್ಗದರ್ಶಕರಿಗೆ ನೆನಪಿಸಿ. ಮತ್ತೊಂದು ನಿಯಮವನ್ನು ಹಲವರು ಗಮನಿಸುವುದಿಲ್ಲ: ಒಟ್ಟು ಐದು ವರ್ಷದ ಅವಧಿಯಲ್ಲಿ ಬೇರೆ ಸರ್ಕಾರಿ ಸಂಸ್ಥೆಯ ಫೆಲೋಶಿಪ್‌ನಲ್ಲಿ ನೀವು ಅದಾಗಲೇ ಕಳೆದ ಕಾಲವೂ ಸೇರುತ್ತದೆ. ಒಂದು ವರ್ಷ ಇಲ್ಲಿರುತ್ತೇನೆ, ಆಮೇಲೆ ಹೊಸದಾಗಿ ಐದು ವರ್ಷ ಎಂದು ಎಣಿಸಿದರೆ ಕೊನೆಯಲ್ಲಿ ಒಂದು ವರ್ಷ ಕೊರತೆ ಬೀಳುತ್ತದೆ.

ಉತ್ತರ: ಎಂಜಿನಿಯರಿಂಗ್ ಸಂಶೋಧಕರಿಂದ

ನಿಮ್ಮ ಅಣ್ಣನಿಗಾಗಿ ಬರೆಯುತ್ತಿದ್ದೇನೆ. ಎಂಜಿನಿಯರಿಂಗ್‌ನಲ್ಲಿ ನೆಟ್‌ಗಿಂತ ಗೇಟ್ ಎಂಬ ಅರ್ಹತಾ ಪರೀಕ್ಷೆ ಮುಖ್ಯ. ಅದರ ಅಂಕ ಮೂರು ವರ್ಷ ಊರ್ಜಿತದಲ್ಲಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿ ಮುಂತಾದ ಕಡೆ ಪಿಎಚ್‌ಡಿಗೆ ಆಯ್ಕೆಯಾದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ಹಣದಿಂದ ಸಂಸ್ಥೆಯೇ ಮೊದಲೆರಡು ವರ್ಷ 37,000, ಆಮೇಲೆ 42,000 ರೂಪಾಯಿ ಕೊಡುತ್ತದೆ. ಇದಕ್ಕೆ ಪ್ರತಿಯಾಗಿ ಕೆಳ ತರಗತಿಗಳ ಪ್ರಯೋಗಾಲಯ ನಡೆಸುವುದು, ಉತ್ತರಪತ್ರಿಕೆ ತಿದ್ದುವುದು ಮುಂತಾದ ಬೋಧನಾ ಸಹಾಯ ಮಾಡಬೇಕು. ಇಲ್ಲಿ ಹಣ ಹೆಚ್ಚುಕಡಿಮೆ ನಿಯತವಾಗಿ ಬರುತ್ತದೆ. ಆದರೆ ಈ ಫೆಲೋಶಿಪ್ ಆ ಸಂಸ್ಥೆಗೆ ಅಂಟಿಕೊಂಡದ್ದು. ಸಂಸ್ಥೆ ಬಿಟ್ಟರೆ ಅದೂ ಹೋಯಿತು. ಜೆಆರ್‌ಎಫ್ ಹಾಗಲ್ಲ, ಅದು ಅಭ್ಯರ್ಥಿಯ ಹೆಸರಿಗೆ ಮಂಜೂರಾದದ್ದು.

ಪ್ರಧಾನ ಮಂತ್ರಿ ಸಂಶೋಧನಾ ಫೆಲೋಶಿಪ್, ಅಂದರೆ ಪಿಎಂಆರ್‌ಎಫ್, 2018ರ ಬಜೆಟ್‌ನಲ್ಲಿ ಘೋಷಣೆಯಾದದ್ದು. ಮೊದಲೆರಡು ವರ್ಷ ತಿಂಗಳಿಗೆ 70,000, ಮೂರನೆಯ ವರ್ಷ 75,000, ನಾಲ್ಕು ಮತ್ತು ಐದನೆಯ ವರ್ಷ 80,000 ರೂಪಾಯಿ, ಜೊತೆಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಸಂಶೋಧನಾ ಅನುದಾನ ಎಂಬುದು ಅದು ಪ್ರಾರಂಭವಾದಾಗಿನ ಕ್ರಮ. 2025ರ ಬಜೆಟ್‌ನಲ್ಲಿ ಐಐಟಿಗಳು ಮತ್ತು ಐಐಎಸ್‌ಸಿಗಾಗಿ ಮುಂದಿನ ಐದು ವರ್ಷಗಳಲ್ಲಿ 10,000 ಫೆಲೋಶಿಪ್ ಕೊಡುವುದಾಗಿ ಹೇಳಿದ್ದಾರೆ. ಆದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಮುಂದುವರಿಯಲಿ. ಆಗಲೇ ಪಿಎಚ್‌ಡಿಗೆ ಸೇರಿದವರಿಗೂ ಪಾರ್ಶ್ವ ಪ್ರವೇಶದ ಅವಕಾಶವಿದ್ದದ್ದು ಈ ಯೋಜನೆಯ ಒಳ್ಳೆಯ ಗುಣ. ನಮ್ಮ ಪ್ರಯೋಗಾಲಯದಲ್ಲಿ ಒಬ್ಬರು ಸಾಮಾನ್ಯ ಸಂಸ್ಥಾ ಫೆಲೋಶಿಪ್‌ನಲ್ಲಿ ಸೇರಿ, ಮೊದಲ ವರ್ಷದ ಕೋರ್ಸ್‌ವರ್ಕ್‌ನಲ್ಲಿ ಒಳ್ಳೆಯ ಅಂಕ ಗಳಿಸಿ, ಒಂದು ಪ್ರಬಂಧ ಪ್ರಕಟಿಸಿ, ಆ ದಾರಿಯಿಂದ ಆಯ್ಕೆಯಾದರು. ಪಿಎಂಆರ್‌ಎಫ್ ಪಡೆದವರು ಹತ್ತಿರದ ಪಾಲಿಟೆಕ್ನಿಕ್, ಐಟಿಐ ಅಥವಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಾರಕ್ಕೊಮ್ಮೆ ಪಾಠ ಮಾಡಬೇಕೆಂಬ ನಿಬಂಧನೆ ಇತ್ತು. ಅವರು ಅದನ್ನು ಹೊರೆ ಎಂದು ಒಮ್ಮೆಯೂ ಹೇಳಿದ್ದು ನನಗೆ ನೆನಪಿಲ್ಲ.

ಕಾರ್ಖಾನೆಗಳೊಂದಿಗೆ ಕೆಲಸ ಮಾಡುವ ಆಸೆಯಿದ್ದರೆ, ಸರ್ಕಾರ ಮತ್ತು ಉದ್ಯಮ ಎರಡೂ ಸೇರಿ ಹಣ ಕೊಡುವ ಪ್ರಧಾನ ಮಂತ್ರಿ ಡಾಕ್ಟರಲ್ ಸಂಶೋಧನಾ ಫೆಲೋಶಿಪ್ ಎಂಬ ಬೇರೆಯೇ ಯೋಜನೆಯಿದೆ. ಹೆಸರು ಹತ್ತಿರವಿರುವುದರಿಂದ ಎರಡನ್ನೂ ಒಂದೇ ಎಂದುಕೊಳ್ಳುವುದು ಬೇಡ.

ಉತ್ತರ: ಇನ್‌ಸ್ಪೈರ್ ಫೆಲೋ ಒಬ್ಬರಿಂದ

ನೀವು ವಿಶ್ವವಿದ್ಯಾಲಯಕ್ಕೆ ಮೊದಲ ರ್‍ಯಾಂಕ್ ಪಡೆಯುವ ಸಾಧ್ಯತೆ ಇದ್ದರೆ, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್ ಇದೆ. ಇದಕ್ಕೆ ನೆಟ್ ಬೇಕಿಲ್ಲ, ಮೊತ್ತ ಜೆಆರ್‌ಎಫ್‌ನಷ್ಟೇ. ರ್‍ಯಾಂಕ್ ಪಟ್ಟಿ ಪ್ರಕಟವಾದ ಕೂಡಲೇ ಪರೀಕ್ಷಾ ವಿಭಾಗದಿಂದ ಕುಲಸಚಿವರ ಸಹಿಯಿರುವ ಪ್ರಮಾಣಪತ್ರ ಪಡೆಯಿರಿ, ಘಟಿಕೋತ್ಸವದವರೆಗೆ ಕಾದರೆ ಅರ್ಜಿಯ ಅವಧಿ ಮೀರಬಹುದು. ಇನ್‌ಸ್ಪೈರ್‌ನಲ್ಲಿ ಹಣ ಬರುವುದು ಸಂಸ್ಥೆಯ ಖಾತೆಯ ಮೂಲಕ. ಆರ್ಥಿಕ ವರ್ಷ ಮುಗಿದ ಮೇಲೆ ಸಂಸ್ಥೆ ಹಣ ಬಳಕೆಯ ಪ್ರಮಾಣಪತ್ರವನ್ನೂ ಖರ್ಚಿನ ವಿವರಣೆಯನ್ನೂ ಕಳುಹಿಸಬೇಕು, ಅದು ತಲುಪದಿದ್ದರೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ. ನಾನು ಮಾರ್ಚ್ ಎರಡನೆಯ ವಾರದಿಂದಲೇ ಲೆಕ್ಕಪತ್ರ ವಿಭಾಗದ ಮುಂದೆ ಇರುತ್ತಿದ್ದೆ. ರಾಸಾಯನಿಕ, ಗಾಜಿನ ಸಾಮಾನುಗಳ ಪ್ರತಿಯೊಂದು ರಸೀದಿಯ ಹಿಂದೆಯೂ ದಾಸ್ತಾನು ಪುಸ್ತಕದ ಪುಟ ಸಂಖ್ಯೆ ಬರೆದು, ಮಾರ್ಗದರ್ಶಕರ ಸಹಿ ಹಾಕಿಸಿ, ದಿನಾಂಕದ ಕ್ರಮದಲ್ಲಿ ಹೊಲಿದ ಕಡತ ಅವರ ಮೇಜಿನ ಮೇಲಿಟ್ಟರೆ ಯಾವ ಪ್ರಶ್ನೆಯೂ ಏಳುತ್ತಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ತುಂಬ ಉಪಕಾರವಾಯಿತು. ಇಬ್ಬರು ಹಿರಿಯರು ಹಣ ತಡವಾಗುವುದನ್ನು ಹೇಳಿದ್ದೀರಿ. ಮನೆಯಿಂದ ತರಿಸಿಕೊಳ್ಳಲಾಗದವರು ಆ ತಿಂಗಳುಗಳನ್ನು ಹೇಗೆ ದಾಟುತ್ತಾರೆ? ಜೆಆರ್‌ಎಫ್ ಸಿಗದಿದ್ದರೆ ರಾಜ್ಯದಿಂದ ಏನಾದರೂ ಇದೆಯೇ?

ಉತ್ತರ: ಜೀವವಿಜ್ಞಾನದ ಸಂಶೋಧಕಿಯೊಬ್ಬರಿಂದ

ಈ ಪ್ರಶ್ನೆಗೆ ನಾನು ಉತ್ತರಿಸಲೇಬೇಕು, ಏಕೆಂದರೆ ನಾನೂ ಅಂಥ ಮನೆಯಿಂದಲೇ ಬಂದವಳು. ಸೇರಿದ ದಿನದಿಂದ ಮೊದಲ ಹಣ ಕೈಸೇರುವವರೆಗಿನ ಅವಧಿಯೇ ಎಲ್ಲಕ್ಕಿಂತ ಕಠಿಣ. ಆಮೇಲೆ ಬಾಕಿ ಒಟ್ಟಿಗೆ ಬರುತ್ತದೆ. ಆ ದೊಡ್ಡ ಮೊತ್ತ ಬಂದಾಗ ಸಾಲ ತೀರಿಸಿ, ನಾಲ್ಕೈದು ತಿಂಗಳ ಖರ್ಚಿನಷ್ಟನ್ನು ಬೇರೆ ಖಾತೆಯಲ್ಲಿ ತೆಗೆದಿಟ್ಟು ಅದನ್ನು ಮುಟ್ಟದೆ ಇರುವುದು ನಾನು ಅನುಸರಿಸಿದ ಕ್ರಮ. ಆರಂಭದ ತಿಂಗಳುಗಳಿಗೆ ಹಾಸ್ಟೆಲ್ಲೇ ಆಸರೆ. ಮನೆ ಬಾಡಿಗೆ ಭತ್ಯೆ ಕೈತಪ್ಪುತ್ತದೆ ಎಂಬ ಲೆಕ್ಕಾಚಾರ ಆಗ ಬೇಡ. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕಾದಾಗ ಆ ಭತ್ಯೆ ಇನ್ನೂ ಕಾಗದದ ಮೇಲಷ್ಟೇ ಇರುತ್ತದೆ. ಮಾರ್ಗದರ್ಶಕರಿಗೆ ಪರಿಸ್ಥಿತಿಯನ್ನು ಮೊದಲೇ ತಿಳಿಸಿ. ಅವರ ಯೋಜನೆಯಲ್ಲಿ ಸಹಾಯಕ ಹುದ್ದೆ ಖಾಲಿ ಇದ್ದರೆ ಫೆಲೋಶಿಪ್ ಆರಂಭವಾಗುವವರೆಗೆ ಅಲ್ಲಿ ಕೆಲಸ ಮಾಡಬಹುದು. ಆದರೆ ಏಕಕಾಲಕ್ಕೆ ಎರಡು ಕಡೆಯಿಂದ ಹಣ ಪಡೆಯುವಂತಿಲ್ಲ.

ಪರ್ಯಾಯಗಳು ಹಲವಿವೆ. ಜೀವವಿಜ್ಞಾನದವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ-ಜೆಆರ್‌ಎಫ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಜೆಆರ್‌ಎಫ್ ಇವೆ. ಪರಿಶಿಷ್ಟ ಪಂಗಡದವರಿಗಾಗಿ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್‌ಗಳಿವೆ, ಅದಕ್ಕೆ ಸ್ನಾತಕೋತ್ತರ ಅಂಕಗಳೇ ಆಧಾರ. ಪರಿಶಿಷ್ಟ ಜಾತಿ ಮತ್ತು ಇತರ ಹಿಂದುಳಿದ ವರ್ಗದವರ ರಾಷ್ಟ್ರೀಯ ಫೆಲೋಶಿಪ್‌ಗೆ ನೆಟ್ ಬರೆಯುವುದು ಅಗತ್ಯ. ಹೆತ್ತವರಿಗೆ ಒಬ್ಬಳೇ ಮಗಳಾಗಿ ಇದ್ದವರಿಗೆ ಯುಜಿಸಿಯ ಸಾವಿತ್ರಿಬಾಯಿ ಫುಲೆ ಹೆಸರಿನ ಫೆಲೋಶಿಪ್ ಇದೆ. ನಿಮಗೆ ಅಣ್ಣನಿರುವುದರಿಂದ ಅದು ಅನ್ವಯಿಸದು, ಓದುವ ಬೇರೆಯವರಿಗೆ ಉಪಯೋಗವಾಗಲೆಂದು ಬರೆದೆ. ರಾಜ್ಯದ ಮಟ್ಟದಲ್ಲಿ ಕರ್ನಾಟಕ ಸರ್ಕಾರದ ಕೆಸ್ಟೆಪ್ಸ್ ಸಂಸ್ಥೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತದೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯೂ ಪೂರ್ಣಾವಧಿ ಸಂಶೋಧಕರಿಗೆ ನೆರವು ನೀಡುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಚಾಲ್ತಿಯಲ್ಲಿರುವಂತೆ ಈಗಿನಿಂದಲೇ ನೋಡಿಕೊಳ್ಳಿ.

ನೆಟ್‌ನಲ್ಲಿ ಜೆಆರ್‌ಎಫ್ ಬರದೆ ಕೆಳಗಿನ ವರ್ಗದಲ್ಲಿ ಉತ್ತೀರ್ಣರಾದರೂ ಅದು ವ್ಯರ್ಥವಲ್ಲ. 2024ರಿಂದ ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಅಂಕಗಳನ್ನು ಪರಿಗಣಿಸುವ ಕ್ರಮ ಬಂದಿದೆ. ಆ ವರ್ಗದವರಿಗೆ ನೆಟ್‌ಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ, ಮತ್ತು ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ.

ಈ ಮೊತ್ತಗಳು ತಾವಾಗಿಯೇ ಏರಿದವಲ್ಲ ಎಂಬುದೂ ಹೊಸಬರಿಗೆ ತಿಳಿದಿರಲಿ. 2010ರಲ್ಲಿ 16,000 ಇದ್ದ ಜೆಆರ್‌ಎಫ್ 2014ರಲ್ಲಿ 25,000ಕ್ಕೆ, 2019ರಲ್ಲಿ 31,000ಕ್ಕೆ ಏರಿತು. ಅದರ ಹಿಂದೆ ದೇಶದ ಉದ್ದಗಲಕ್ಕೂ ಸಂಶೋಧಕರು ನಡೆಸಿದ ಮನವಿ, ಮೆರವಣಿಗೆಗಳಿವೆ.

ಉತ್ತರ: ಮಾರ್ಗದರ್ಶಕರೊಬ್ಬರಿಂದ

ಮೇಲೆ ಬಂದಿರುವ ಸಲಹೆಗಳನ್ನೆಲ್ಲ ಒಪ್ಪುತ್ತೇನೆ, ಒಂದನ್ನು ಸೇರಿಸುತ್ತೇನೆ. ಜೆಆರ್‌ಎಫ್ ಕೈಯಲ್ಲಿದ್ದಾಗ ಪ್ರಯೋಗಾಲಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿರುತ್ತದೆ, ಅದನ್ನು ಅವಸರದಲ್ಲಿ ಕಳೆದುಕೊಳ್ಳಬೇಡಿ. ಮಾರ್ಗದರ್ಶಕರನ್ನು ಭೇಟಿಯಾಗುವ ಮೊದಲು ಅವರ ವಿದ್ಯಾರ್ಥಿಗಳನ್ನು ಭೇಟಿಯಾಗಿ, ಹಿಂದಿನವರು ಎಷ್ಟು ವರ್ಷದಲ್ಲಿ ಪ್ರಬಂಧ ಸಲ್ಲಿಸಿದರು, ಉಪಕರಣ ಕೆಟ್ಟರೆ ಎಷ್ಟು ದಿನದಲ್ಲಿ ದುರಸ್ತಿಯಾಗುತ್ತದೆ, ಕಾಗದಗಳಿಗೆ ಸಹಿ ಬೇಗ ಸಿಗುತ್ತದೆಯೇ ಎಂದು ಕೇಳಿ. ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಫೆಲೋಶಿಪ್ ಇರುವುದು ಐದೇ ವರ್ಷ. ಆ ಆರನೆಯ ವರ್ಷದಲ್ಲಿ ಹಣವಿಲ್ಲದೆ ಒದ್ದಾಡುವವರನ್ನು ಪ್ರತಿ ವರ್ಷವೂ ನೋಡುತ್ತೇನೆ, ಅವರಲ್ಲಿ ಹೆಚ್ಚಿನವರು ಕೆಲಸಗಳ್ಳರಲ್ಲ. ಮೊದಲ ವರ್ಷ ಕೋರ್ಸ್‌ವರ್ಕ್‌ಗೆ, ಎರಡನೆಯದು ಉಪಕರಣಕ್ಕಾಗಿ ಕಾಯುವುದಕ್ಕೆ ಹೋಗಿ, ನಿಜವಾದ ಪ್ರಯೋಗ ಮೂರನೆಯ ವರ್ಷ ಶುರುವಾದದ್ದರ ಫಲ ಅದು. ವಿವಾಹಿತ ಮಹಿಳೆಯರು ಕೇಳುವುದರಿಂದ ಹೇಳುತ್ತೇನೆ: ಅದೇ ನಿಯಮಾವಳಿಯಲ್ಲಿ ಹೆರಿಗೆ ಅಥವಾ ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಗೆ ಅವಕಾಶವಿದೆ, ಕೇಳಲು ಸಂಕೋಚಪಡಬಾರದು.

ನೀವು ಸೇರುವ ಪ್ರಯೋಗಾಲಯದಲ್ಲಿ ನಿಮ್ಮ ವಿಷಯಕ್ಕೆ ಬೇಕಾದ, ಅಣುರಚನೆ ತಿಳಿಸುವ ಎನ್‌ಎಂಆರ್‌ನಂಥ ಉಪಕರಣ ಇದೆಯೇ, ಇಲ್ಲದಿದ್ದರೆ ಯಾವ ಊರಿಗೆ ಮಾದರಿ ಕಳುಹಿಸುತ್ತಾರೆ, ಅದರ ಶುಲ್ಕವನ್ನು ಯಾರು ಭರಿಸುತ್ತಾರೆ ಎಂಬುದನ್ನೂ ಕೇಳಿ. ಸಿಎಸ್‌ಐಆರ್ ಕೊಡುವ ವಾರ್ಷಿಕ ಸಾದಿಲ್ವಾರು ಅನುದಾನ, ಅಂದರೆ ಸಂಶೋಧನೆಯ ಬಿಡಿ ಖರ್ಚಿನ ಹಣ, 20,000 ರೂಪಾಯಿ. ರಸಾಯನಶಾಸ್ತ್ರದಲ್ಲಿ ದ್ರಾವಕಗಳಿಗೇ ಅದು ಖರ್ಚಾಗಿ ಹೋಗುತ್ತದೆ, ಹಾಗಾಗಿ ಮಾರ್ಗದರ್ಶಕರ ಬಳಿ ಚಾಲ್ತಿಯಲ್ಲಿರುವ ಯೋಜನೆಯೊಂದು ಇದ್ದರೆ ಒಳ್ಳೆಯದು.